ಬಾಲಮಂದಿರದ ಮಗುವಿನ ಆಧಾರ್‌ಗೆ ಯಾರ ಮೊಬೈಲ್ ನಂಬರ್?

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಾಲಮಂದಿರಗಳಲ್ಲಿ, ಅಂದರೆ ಆಸರೆಯಿಲ್ಲದ ಮಕ್ಕಳನ್ನು ಹದಿನೆಂಟು ತುಂಬುವವರೆಗೆ ಇಟ್ಟುಕೊಳ್ಳುವ ಸಂಸ್ಥೆಗಳಲ್ಲಿ, ಹದಿನಾರು ದಾಟಿದ ಮಕ್ಕಳ ಮುಂದಿನ ವ್ಯವಸ್ಥೆ ಏನು ಎಂದು ಕೇಳಿ ನೋಡಿ. ‘ಇನ್ನ ಟೈಮ್ ಅದ ಬಿಡ್ರಿ ಸರ, ಹದಿನೆಂಟು ಆಗ್ಲಿ’ ಅನ್ನುತ್ತಾರೆ. ಹದಿನೆಂಟು ಆಗುತ್ತದೆ. ಒಂದು ಬೀಳ್ಕೊಡುಗೆ, ಒಂದು ಶಾಲು, ದಾನಿಗಳಿಂದ ಹುಡುಗನಿಗೊಂದು ಸೂಟ್‌ಕೇಸು, ಹುಡುಗಿಗೊಂದು ಹೊಲಿಗೆ ಯಂತ್ರ. ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಹುಡುಗ ಹೈದರಾಬಾದಿನಲ್ಲೋ ಪುಣೆಯಲ್ಲೋ ಸೆಂಟ್ರಿಂಗ್ ಕೆಲಸಕ್ಕೆ ನಿಂತಿರುತ್ತಾನೆ. ಅವನ ಹೆಸರಿಗೆ ಬರಬೇಕಾದ ಹಣ ಬಂದಿರುವುದಿಲ್ಲ, ಕಾಲೇಜಿನ ಅರ್ಜಿ ಅರ್ಧಕ್ಕೆ ನಿಂತಿರುತ್ತದೆ. ಯಾಕೆ ಎಂದು ಹುಡುಕುತ್ತ ಹೋದರೆ ಎಷ್ಟೋ ಸಲ ಸಿಗುವುದು ಒಂದು ಮೊಬೈಲ್ ನಂಬರ್.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಮತ್ತು 2016ರ ಮಾದರಿ ನಿಯಮಗಳ 25ನೇ ನಿಯಮದ ಪ್ರಕಾರ ಸಂಸ್ಥೆ ಬಿಟ್ಟ ಮಗುವಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ, ಅನುಪಾಲನೆ (ಹೊರಬಂದ ಮೇಲಿನ ನೆರವು) ಸಿಗಬಹುದು. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಆದರೆ ಇದು ತಾನಾಗಿ ಬರುವ ಹಣವಲ್ಲ. ಮಗು ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಬಿಡುಗಡೆ ನಂತರದ ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕು, ಸಮಿತಿಯಿಂದ ನಮೂನೆ 37ರಲ್ಲಿ ಆದೇಶ ಆಗಬೇಕು. ಎರಡು ತಿಂಗಳು ಎಂಬುದು ಕಟ್ಟಕಡೆಯ ಗಡುವು. ನಮ್ಮಲ್ಲಿ ಅದನ್ನೇ ಕೆಲಸ ಶುರು ಮಾಡುವ ದಿನ ಅಂದುಕೊಂಡಿದ್ದಾರೆ.

ಈಗ ಆ ನಂಬರ್. ಮಗು ಸಂಸ್ಥೆಗೆ ಬಂದಾಗ ಆಧಾರ್ ಮಾಡಿಸುತ್ತಾರೆ. ನಂಬರ್ ಕೇಳಿದಾಗ ಪಕ್ಕದಲ್ಲಿ ನಿಂತ ಸಿಬ್ಬಂದಿ ತಮ್ಮದನ್ನೇ ಹೇಳುತ್ತಾರೆ. ಅದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ, ಆ ಹೊತ್ತಿನ ಕೆಲಸ ಆಗಬೇಕಲ್ಲ. ಮೂರು ವರ್ಷದಲ್ಲಿ ಆ ಸಿಬ್ಬಂದಿಗೆ ವರ್ಗವಾಗುತ್ತದೆ, ಗುತ್ತಿಗೆ ಮುಗಿಯುತ್ತದೆ, ಸಿಮ್ ಬದಲಾಗುತ್ತದೆ. ಹದಿನೆಂಟರ ಹುಡುಗ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಸೈಬರ್ ಅಂಗಡಿಯಲ್ಲಿ ಕೂತಾಗ ಓಟಿಪಿ ಮಾತ್ರ ಜೇವರ್ಗಿಯಲ್ಲೋ ಭಾಲ್ಕಿಯಲ್ಲೋ ಇರುವ ಇನ್ಯಾರದೋ ಫೋನಿಗೆ ಹೋಗುತ್ತದೆ. ಡಿಜಿಲಾಕರ್ ತೆರೆಯುವುದಿಲ್ಲ. ಬ್ಯಾಂಕಿನವರು ‘ನಂಬರ್ ಅಪ್‌ಡೇಟ್ ಮಾಡಿಸ್ಕೊಂಡ್ ಬಾರಪ್ಪ’ ಎಂದು ವಾಪಸ್ ಕಳಿಸುತ್ತಾರೆ.

ಹದಿನೆಂಟು ತುಂಬುವವರೆಗೆ ಹುಡುಗರ ಹೆಸರಿನಲ್ಲಿ ಸಿಮ್ ಸಿಗುವುದಿಲ್ಲ, ನಿಜ. ಹಾಗಾಗಿ ಅಲ್ಲಿಯವರೆಗೆ ಸಂಸ್ಥೆಯದೇ ಒಂದು ನಂಬರ್ ಇರಲಿ, ಯಾರ ಸ್ವಂತದ್ದೂ ಬೇಡ. ಆ ಫೋನು ಕಚೇರಿಯ ಮೇಜಿನ ಮೇಲೇ ಇರಲಿ, ರೀಚಾರ್ಜ್ ತಪ್ಪದಿರಲಿ, ಯಾವ ಯಾವ ಮಗುವಿನ ಆಧಾರ್‌ಗೆ ಅದು ಜೋಡಣೆಯಾಗಿದೆ ಎಂಬ ಪಟ್ಟಿ ರಿಜಿಸ್ಟರಿನಲ್ಲಿರಲಿ. ಹದಿನೆಂಟು ತುಂಬಿದ ವಾರದಲ್ಲೇ ಹುಡುಗನ ಹೆಸರಿನಲ್ಲಿ ಸಿಮ್ ತೆಗೆಸಿ, ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ನಂಬರ್ ಬದಲಿಸಿ. ಇದಕ್ಕೆ ಬೇರೆ ದಾಖಲೆ ಬೇಡ, ಬೆರಳಚ್ಚು ಸಾಕು. ಆದರೆ ಹದಿನೈದರ ನಂತರ ಮಾಡಿಸಬೇಕಾದ ಬಯೋಮೆಟ್ರಿಕ್ ನವೀಕರಣ ಬಿಟ್ಟುಹೋಗಿದ್ದರೆ ಚಿಕ್ಕಂದಿನ ಬೆರಳಚ್ಚು ಹೊಂದದೇ ಹೋಗಬಹುದು. ಆಮೇಲೆ ಬ್ಯಾಂಕು. ಅಪ್ರಾಪ್ತ ವಯಸ್ಕರ ಖಾತೆಯನ್ನು ವಯಸ್ಕರ ಖಾತೆಯಾಗಿಸಲು ಹೊಸ ಫೋಟೋ, ಹೊಸ ಸಹಿ, ಕೆವೈಸಿ ಕೊಡಬೇಕು. ಜತೆಗೆ ಆ ಖಾತೆ ಆಧಾರ್‌ಗೆ ಜೋಡಣೆಯಾಗಿದೆಯೇ ಎಂದು ವಿಚಾರಿಸಿ, ಹಣ ಬಂದು ಬೀಳುವುದು ಜೋಡಣೆಯಾದ ಖಾತೆಗೇ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಆರು ತಿಂಗಳಿಗೊಮ್ಮೆ ಮಗುವಿನ ಕೈಯಿಂದಲೇ ನೂರು ರೂಪಾಯಿ ತೆಗೆಸಿ. ಸಿಮ್, ಆಧಾರ್, ಬ್ಯಾಂಕ್ ಎಂಬ ಈ ಅನುಕ್ರಮವನ್ನು ಹಿಂದುಮುಂದು ಮಾಡಬೇಡಿ. ಮೊದಲು ಬ್ಯಾಂಕಿಗೆ ಹೋದವರು ಎರಡೆರಡು ಸಲ ಓಡಾಡುತ್ತಾರೆ.

ಹೆಸರಿನ ತೊಡಕು ನಮ್ಮ ಭಾಗದಲ್ಲಿ ತುಸು ಹೆಚ್ಚೇ. ಶಾಲೆಯಲ್ಲಿ ‘ಶರಣಪ್ಪ ಎಚ್’, ಆಧಾರ್‌ನಲ್ಲಿ ‘ಶರಣಪ್ಪ ತಂದೆ ಹಣಮಂತ’, ಜಾತಿ ಪ್ರಮಾಣಪತ್ರದಲ್ಲಿ ‘ಶರಣು ಹನುಮಂತಪ್ಪ’ ಎಂದಿದ್ದರೆ ಕಂಪ್ಯೂಟರಿನ ಲೆಕ್ಕಕ್ಕೆ ಅವರು ಮೂರು ಜನ. ಹುಟ್ಟಿದ ತಾರೀಖೂ ಹಾಗೆಯೇ. ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಜೂನ್ 1 ಎಂದು ಬರೆಸಿಕೊಂಡ ಮಕ್ಕಳು ಬೇಕಾದಷ್ಟಿದ್ದಾರೆ. ಕಾಲೇಜಿನ ಪ್ರವೇಶದ ಗಡಿಬಿಡಿಯಲ್ಲೇ ಇವರೆಲ್ಲ ಒಟ್ಟಿಗೆ ಹದಿನೆಂಟು ಮುಟ್ಟಿ ಸಂಸ್ಥೆಯಿಂದ ಹೊರಬೀಳುತ್ತಾರೆ. ಕಾಯ್ದೆಯ 94ನೇ ಕಲಂ ವಯಸ್ಸಿನ ವಿಚಾರದಲ್ಲಿ ಶಾಲೆಯ ಅಥವಾ ಹತ್ತನೇ ತರಗತಿಯ ದಾಖಲೆಯನ್ನು ಮೊದಲ ಸಾಲಿನಲ್ಲಿ ಇಟ್ಟಿದೆ. ಆದ್ದರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುಂಚೆ, ಅಂದರೆ ಒಂಬತ್ತನೇ ತರಗತಿಯಲ್ಲೇ, ಎಲ್ಲ ಕಾಗದಗಳನ್ನು ಒಂದೆಡೆ ಹರವಿ ಅಕ್ಷರ ಅಕ್ಷರ ಓದಿ ನೋಡಿ. ಆಧಾರ್‌ನಲ್ಲಿ ಜನ್ಮದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ, ಅದನ್ನು ಅವಸರದಲ್ಲಿ ಕಳೆದುಕೊಳ್ಳಬೇಡಿ.

ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗದವರಿಗೆ ಮೀಸಲಾತಿಗಾಗಿ ಕೊಡುವ ಪ್ರಮಾಣಪತ್ರವನ್ನಂತೂ ಮರೆಯಲೇಬಾರದು. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ಈ ಭಾಗದವರಿಗೆ. ಇಲ್ಲಿನ ಸ್ಥಳೀಯ ವೃಂದದ ಸಿ ದರ್ಜೆ ಸರ್ಕಾರಿ ಹುದ್ದೆಗಳಲ್ಲಿ 80, ಡಿ ದರ್ಜೆಯಲ್ಲಿ 85. ತಂದೆತಾಯಿ ಇಲ್ಲದ ಮಗುವಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೆ ಯಾವುದು? ಅರ್ಜಿ ಹೋಗುವುದು ಸಹಾಯಕ ಆಯುಕ್ತರ ಕಚೇರಿಗೆ. ಇಲ್ಲೇ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರವೇ ಗಟ್ಟಿ ಆಧಾರ, ಅದು ಇಲ್ಲದಿದ್ದರೆ ತೊಂದರೆ ಶುರು. ವರ್ಷ ದಾಟಿದ ಜನನ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಪ್ರತಿ ಮಗುವಿನ ಪರಿಸ್ಥಿತಿ ಬೇರೆ ಇರುವುದರಿಂದ ಯಾವ ದಾಖಲೆ ಸಾಕು ಎಂದು ಇಲ್ಲಿ ಖಚಿತವಾಗಿ ಹೇಳಲಾರೆ. ಹದಿನಾರಕ್ಕೇ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ.

ದಾನಿಗಳಲ್ಲಿ ಒಂದು ಕೋರಿಕೆ. ನಿಮ್ಮ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಗೌರವವಿದೆ, ಆದರೆ ಆ ಸೂಟ್‌ಕೇಸಿನ ಹಣವನ್ನು ರೂಮಿನ ಅಡ್ವಾನ್ಸಿಗೆ ಕೊಡಿ. ಅನುಪಾಲನೆಯ ಆದೇಶವಾದರೂ ಮೊದಲ ಕಂತು ಖಾತೆಗೆ ಬೀಳಲು ತಡವಾಗುವುದುಂಟು. ಆ ನಡುವಿನ ದಿನಗಳಲ್ಲೇ ಹುಡುಗರು ಕೈಬಿಟ್ಟು ಹೋಗುವುದು. ಮೂರು ತಿಂಗಳ ಬಾಡಿಗೆ, ಖಾನಾವಳಿಯ ಲೆಕ್ಕ, ಐದು ಕಿಲೋದ ಒಂದು ಸಣ್ಣ ಸಿಲಿಂಡರ್ ಇಷ್ಟಿದ್ದರೆ ಅವರು ನಿಲ್ಲುತ್ತಾರೆ. ಆರರಿಂದ ಎಂಟು ಜನ ಕೂಡಿ ಇರುವ ತಾತ್ಕಾಲಿಕ ಗುಂಪು ವಸತಿಗೆ ನಿಯಮದಲ್ಲೇ ಅವಕಾಶವಿದೆ. ಒಬ್ಬೊಬ್ಬರನ್ನೇ ಚೆಲ್ಲಾಪಿಲ್ಲಿ ಕಳಿಸುವುದಕ್ಕಿಂತ ಒಂದೇ ಸಂಸ್ಥೆಯಲ್ಲಿ ಬೆಳೆದವರು ಒಟ್ಟಿಗಿರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅಡುಗೆಯ ಮಾತೂ ಇದರ ಜತೆಗೇ ಬರುತ್ತದೆ. ಗಂಟೆ ಹೊಡೆದಾಗ ತಟ್ಟೆ ಹಿಡಿದು ಬೆಳೆದ ಮಗು ಅರವತ್ತು ಜನರ ಸಾರಿನ ಹಂಡೆ ನೋಡಿರುತ್ತದೆ, ಕಾಲು ಕಿಲೋ ಬೇಳೆ ಕೊಂಡಿರುವುದಿಲ್ಲ. ಹದಿನಾರರಿಂದ ವಾರಕ್ಕೊಮ್ಮೆ ಇಬ್ಬಿಬ್ಬರಿಗೆ ಇನ್ನೂರು ರೂಪಾಯಿ ಕೊಟ್ಟು ಸಂತೆಗೆ ಕಳಿಸಿ, ತಂದದ್ದರಲ್ಲಿ ಇಬ್ಬರಿಗಾಗುವಷ್ಟು ಅಡುಗೆ ಮಾಡಿಸಿ, ಚೀಟಿಯಲ್ಲಿ ಲೆಕ್ಕ ಬರೆಸಿ. ದುಡ್ಡು ಕಡಿಮೆ ಬಿದ್ದರೆ ಬೈಯಬೇಡಿ. ಕಡಿಮೆ ಬಿದ್ದಾಗ ಏನು ಮಾಡಬೇಕು ಎಂಬುದನ್ನೂ ಅವರು ಇಲ್ಲೇ ಕಲಿಯಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ. ವರ್ಷಗಟ್ಟಲೆ ಮುಖ ತೋರಿಸದ ಕಾಕಾ, ಸೋದರಮಾವ ಹದಿನೆಂಟಕ್ಕೆ ಒಂದು ತಿಂಗಳಿರುವಾಗ ಹಣ್ಣು ಹಿಡಿದು ಬಂದರೆ ವರ ಗೊತ್ತಾಗಿರುವ ಸಂಭವವಿದೆ. ಎಲ್ಲರೂ ಹಾಗಲ್ಲ, ನಿಜವಾಗಿ ಅಕ್ಕರೆಯಿಂದ ಕರೆದೊಯ್ಯುವವರೂ ಇದ್ದಾರೆ. ಅದಕ್ಕೇ ಯೋಜನೆ ಬರೆಯುವಾಗ ಸಂಬಂಧಿಕರನ್ನು ಹೊರಗೆ ಕೂರಿಸಿ. ಹುಡುಗಿಯನ್ನು ಒಬ್ಬಳನ್ನೇ, ಒಂದಲ್ಲ ಎರಡು ಬೇರೆ ದಿನ ಕೇಳಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ದಾಖಲಿಸಿ. ಓದುತ್ತೇನೆ ಎಂದರೆ ಆ ಮಾತು ಸಮಿತಿಯ ಮುಂದೆ ಹೋಗಬೇಕು.

ಕಾಲೇಜು ಹಾಸ್ಟೆಲ್ ಸಿಕ್ಕರೆ ಎಲ್ಲ ಮುಗಿಯಿತು ಎಂದು ಫೈಲು ಕಟ್ಟುವವರಿದ್ದಾರೆ. ದಸರಾ ರಜೆಗೆ, ಬೇಸಿಗೆ ರಜೆಗೆ ಹಾಸ್ಟೆಲಿನ ಅಡುಗೆಮನೆ ಮುಚ್ಚಿದರೆ ಉಳಿದವರು ಊರಿಗೆ ಹೋಗುತ್ತಾರೆ, ಇವರು ಎಲ್ಲಿಗೆ ಹೋಗಬೇಕು? ರಜೆಯ ದಿನಗಳ ಊಟ ಮತ್ತು ಮಲಗುವ ಜಾಗ ಯೋಜನೆಯಲ್ಲಿ ಬರಹದಲ್ಲಿರಲಿ, ಜತೆಗೆ ಹೊತ್ತಲ್ಲದ ಹೊತ್ತಿನಲ್ಲೂ ಫೋನ್ ಎತ್ತುವ ಒಬ್ಬ ವ್ಯಕ್ತಿಯ ಹೆಸರಿರಲಿ. ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಮೂಲ ಪ್ರತಿ ಹುಡುಗರ ಕೈಗೆ, ನಕಲು ಸಂಸ್ಥೆಯ ಬೀರುವಿಗೆ. 21 ತುಂಬುವಾಗ ಡಿಗ್ರಿಯೋ ಐಟಿಐಯೋ ಮುಗಿದಿರದಿದ್ದರೆ ಮುಂದಿನ ಎರಡು ವರ್ಷಕ್ಕೆ ಸಮಿತಿಯನ್ನು ಕೇಳಿಕೊಳ್ಳಿ. ವ್ಯಾಸಂಗ ಪ್ರಮಾಣಪತ್ರ, ಕೊನೆಯ ಅಂಕಪಟ್ಟಿ, ಬಾಡಿಗೆಯ ರಸೀದಿ ಲಗತ್ತಿಸಿ, ಹಳೆಯ ಆದೇಶ ಮುಗಿಯುವ ಮುಂಚೆಯೇ ಅರ್ಜಿ ಸಲ್ಲಿಸಿ.