ಚೀಲದ ಮೇಲಿನ 18 ಹಂದಿಯ ಮೈಗೆ ಸೇರುವುದೆಷ್ಟು?

"ಡಾಕ್ಟರೇ, ಹಂದಿ ಆಹಾರದ ಈ ಎರಡು ಚೀಲಗಳಲ್ಲೂ ಶೇ. 18 ಪ್ರೋಟೀನ್ ಇದೆ. ಅಗ್ಗದ್ದನ್ನೇ ತಂದರಾಯಿತಲ್ಲ?" ವಾರಕ್ಕೊಬ್ಬರಾದರೂ ಈ ಪ್ರಶ್ನೆ ಹಿಡಿದು ಬರುತ್ತಾರೆ. ಆಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಮತ್ತದೇ ಪ್ರಶ್ನೆ.

ಪ್ರಯೋಗಾಲಯ ಅಳೆಯುವುದು ಪ್ರೋಟೀನನ್ನಲ್ಲ, ನೈಟ್ರೋಜನನ್ನು. ಅದನ್ನು 6.25ರಿಂದ ಗುಣಿಸಿ ಚೀಲದ ಚೀಟಿಯಲ್ಲಿ ಪ್ರೋಟೀನ್ ಎಂದು ಬರೆಯುತ್ತಾರೆ. ಯೂರಿಯಾದಲ್ಲಿ ಶೇ. 46 ನೈಟ್ರೋಜನ್ ಇರುವುದರಿಂದ ಈ ಲೆಕ್ಕದಲ್ಲಿ ಅದಕ್ಕೆ ಶೇ. 287 ಪ್ರೋಟೀನ್! ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾವನ್ನು ಅಷ್ಟಿಷ್ಟು ಬಳಸಿಕೊಂಡಾವು, ಹಂದಿಗೆ ಅದರಿಂದ ಏನೂ ಇಲ್ಲ.

ಕಳೆದ ಮಳೆಗಾಲದಲ್ಲಿ ಕೊಡಗಿನ ಒಬ್ಬ ಬೆಳೆಗಾರರು ಸೋಯಾ ಹಿಂಡಿ ದುಬಾರಿಯಾಯಿತೆಂದು ಹತ್ತಿಕಾಳು ಹಿಂಡಿಗೆ ಬದಲಾಯಿಸಿದರು. ಚೀಟಿಯ 18 ಕದಲದಂತೆ ನೋಡಿಕೊಂಡಿದ್ದರು. ಕೊಟ್ಟಿಗೆಯೊಳಗೆ ಕಾಲಿಟ್ಟೊಡನೆ ಅಮೋನಿಯಾಕ್ಕೆ ನನ್ನ ಕಣ್ಣು ಉರಿಯಿತು. ಹಂದಿಗಳ ಬೆನ್ನೆಲುಬು ಕೈಗೆ ಸಿಗುತ್ತಿತ್ತು. "ನೀವು ದುಡ್ಡು ಕೊಟ್ಟ ಪ್ರೋಟೀನ್ ಈ ಚರಂಡಿಯಲ್ಲಿದೆ" ಎಂದೆ. ಅವರ ಮುಖ ನೋಡಿದಾಗ ಅಷ್ಟು ಕಟುವಾಗಿ ಹೇಳಬಾರದಿತ್ತು ಅನ್ನಿಸಿತು.

ಪ್ರೋಟೀನ್ ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದ ಆದದ್ದು; ಬೆಳೆಯುವ ಹಂದಿಗೆ ಅವುಗಳಲ್ಲಿ ಮೊದಲು ಕೊರತೆಯಾಗುವುದು ಲೈಸಿನ್. ನೂರು ಕಿಲೋ ಸೋಯಾ ಹಿಂಡಿಯಲ್ಲಿ ಸುಮಾರು 2.9 ಕಿಲೋ ಲೈಸಿನ್ ಇರುತ್ತದೆ, ಅದರಲ್ಲಿ 2.6 ಕಿಲೋದಷ್ಟು ಜೀರ್ಣವಾಗುತ್ತದೆ. ಹತ್ತಿಕಾಳು ಹಿಂಡಿಯಲ್ಲಿ ಇರುವುದೇ ಒಂದೂವರೆ ಕಿಲೋ, ದಕ್ಕುವುದು ಒಂದು ಕಿಲೋಕ್ಕೂ ಕಡಿಮೆ. ಸರಕಿನಿಂದ ಸರಕಿಗೆ ಅಂಕಿ ಹೆಚ್ಚುಕಡಿಮೆಯಾಗುತ್ತದೆ, ಆದರೂ ಅಂತರ ದೊಡ್ಡದೇ. ಲೈಸಿನ್ ಸಾಲದಿದ್ದರೆ ಉಳಿದ ಅಮೈನೋ ಆಮ್ಲಗಳೂ ಮಾಂಸವಾಗದೆ ಒಡೆದು, ಅವುಗಳ ನೈಟ್ರೋಜನ್ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ; ಕೊಟ್ಟಿಗೆಯ ಅಮೋನಿಯಾ ಹುಟ್ಟುವುದು ಅದರಿಂದಲೇ.

"ಸಗಣಿಯಲ್ಲಿ ಉಳಿದದ್ದನ್ನು ಕಳೆದರೆ ಜೀರ್ಣವಾದದ್ದು ತಿಳಿಯುತ್ತದಲ್ಲ?" ಎಂದು ಓದಿಕೊಂಡವರೂ ಕೇಳುತ್ತಾರೆ. ತಿಳಿಯುವುದಿಲ್ಲ. ಸಣ್ಣ ಕರುಳು ದಾಟಿದ ಪ್ರೋಟೀನನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಒಡೆಯುತ್ತವೆ. ಅಲ್ಲಿ ಹೀರಿಕೊಂಡ ಅಮೋನಿಯಾದಿಂದ ಹಂದಿಗೆ ಮಾಂಸ ಕಟ್ಟಲಾಗದು. ಆದ್ದರಿಂದ ಅಳೆಯಬೇಕಾದದ್ದು ಸಣ್ಣ ಕರುಳಿನ ಕೊನೆಯಲ್ಲಿ.

ಸೋಯಾ ಎಂದೊಡನೆ ನಿಶ್ಚಿಂತರಾಗಬೇಡಿ. ಹೆಚ್ಚು ಹುರಿದು ಕಂದಿದ ಹಿಂಡಿಯಲ್ಲಿ ಲೈಸಿನ್ ಸಕ್ಕರೆಯೊಂದಿಗೆ ಬೆಸೆದುಕೊಂಡು ಕೆಲಸಕ್ಕೆ ಬಾರದಂತಾಗಿರುತ್ತದೆ. ಚೀಟಿಯ ಪ್ರೋಟೀನ್ ಮಾತ್ರ ಹಾಗೇ ಇರುತ್ತದೆ. ಹುರಿದದ್ದು ಸಾಲದಿದ್ದರೆ ಜೀರ್ಣಕಾರಿ ಕಿಣ್ವ ಟ್ರಿಪ್ಸಿನ್ ಅನ್ನು ತಡೆಯುವ ಅಂಶ ಉಳಿದುಬಿಡುತ್ತದೆ. ನಾನು ಅಂಗೈಯಲ್ಲಿ ಹಾಕಿ ಮೂಸುತ್ತೇನೆ: ಸೀದ ವಾಸನೆಯೂ ಇರಬಾರದು, ಹಸಿ ಕಾಳಿನ ವಾಸನೆಯೂ ಇರಬಾರದು. ಇಷ್ಟರಿಂದಲೇ ತೀರ್ಮಾನಿಸಬೇಡಿ, ಅನುಮಾನ ಬಂದರೆ ಪರೀಕ್ಷೆಗೆ ಕಳುಹಿಸಿ.

ಆ ಬೆಳೆಗಾರರು ಸೋಯಾಕ್ಕೆ ಮರಳಿದರು. ಸ್ವಲ್ಪ ಲೈಸಿನ್ ಪುಡಿ ಸೇರಿಸಿ ಒಟ್ಟು ಪ್ರೋಟೀನನ್ನು 16ಕ್ಕೆ ಇಳಿಸಿದೆವು. ತೂಕದ ಲೆಕ್ಕ ಬರೆದಿಡುವುದು ಅವರ ಪತ್ನಿ. ಹದಿನೈದು ದಿನಕ್ಕೆ ಅವರೇ ಫೋನ್ ಮಾಡಿದರು: "ತೂಕ ಇನ್ನೂ ಹಾಕಿಲ್ಲ ಡಾಕ್ಟರೇ, ಆದರೆ ಕೊಟ್ಟಿಗೆಯಲ್ಲಿ ಈಗ ಕಣ್ಣು ಉರಿಯುವುದಿಲ್ಲ."