ಜೀನ್ ಚುರುಕಾದರೂ ಆಲ್ಕಲಾಯ್ಡ್ ಯಾಕೆ ಹೆಚ್ಚುವುದಿಲ್ಲ?

ಪ್ರಶ್ನೆ: ಔಷಧಿ ಗಿಡದಲ್ಲಿ ಆಲ್ಕಲಾಯ್ಡ್ (ಸಾರಜನಕವಿರುವ, ಮದ್ದಿನ ಗುಣದ ಸಸ್ಯ ರಾಸಾಯನಿಕ) ತಯಾರಿಸುವ ಜೀನನ್ನು ಚುರುಕುಗೊಳಿಸಿದರೆ ಇಳುವರಿಯೂ ಏರಬೇಕಲ್ಲವೇ?

ಉತ್ತರ: ಆ ಜೀನ್ ನಡೆಸುವ ಹೆಜ್ಜೆಯೇ ತಯಾರಿಕೆಯನ್ನು ಅಡ್ಡಗಟ್ಟಿದ್ದರೆ ಏರುತ್ತದೆ, ಇಲ್ಲವಾದರೆ ಇಲ್ಲ.

ಬೆಲ್ಲಡೋನಾ ಎಂಬ ಔಷಧಿ ಗಿಡ ಹಯೋಸಯಮೀನ್ ಎಂಬ ಆಲ್ಕಲಾಯ್ಡನ್ನು ಧಾರಾಳವಾಗಿ ಮಾಡುತ್ತದೆ. ಅದನ್ನು ಸ್ಕೋಪೊಲಮೀನ್ ಎಂಬ ಇನ್ನೊಂದು ಆಲ್ಕಲಾಯ್ಡ್ ಆಗಿ ಬದಲಿಸುವ ಎಚ್6ಎಚ್ ಕಿಣ್ವದ ಕೆಲಸ ಮಾತ್ರ ಕಡಿಮೆ. 1992ರಲ್ಲಿ ಜಪಾನಿನ ವಿಜ್ಞಾನಿಗಳು ಹೆನ್‌ಬೇನ್ ಗಿಡದ ಎಚ್6ಎಚ್ ಜೀನನ್ನು ಇದಕ್ಕೆ ಸೇರಿಸಿದರು. ಎಲೆಯ ಆಲ್ಕಲಾಯ್ಡ್ ಬಹುತೇಕ ಸ್ಕೋಪೊಲಮೀನೇ ಆಯಿತು. ಇಲ್ಲಿ ಮುಖ್ಯವಾಗಿ ಬದಲಾದದ್ದು ಆಲ್ಕಲಾಯ್ಡಿನ ಬಗೆ. ಇದನ್ನೇ ಇಳುವರಿ ಹೆಚ್ಚಳ ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ.

ನಿತ್ಯಪುಷ್ಪ ಇಷ್ಟು ಸಲೀಸಲ್ಲ. ಅದರಿಂದ ಬರುವ ಕ್ಯಾನ್ಸರ್ ಔಷಧಿ ವಿನ್‌ಬ್ಲಾಸ್ಟಿನ್ ಎಂಬ ಆಲ್ಕಲಾಯ್ಡ್ 1 ಗ್ರಾಂ ಸಿಗಲು ಸುಮಾರು 500 ಕೆ.ಜಿ. ಒಣಗಿದ ಎಲೆ ಬೇಕು. ಇದರ ತಯಾರಿಕೆಗೆ ಎರಡು ಕಚ್ಚಾವಸ್ತು, ಟ್ರಿಪ್ಟಮೀನ್ ಒಂದು ದಾರಿಯಿಂದ, ಸೆಕೊಲೊಗಾನಿನ್ ಇನ್ನೊಂದು, ಟರ್ಪೀನ್ ದಾರಿಯಿಂದ ಬಂದು ಕೂಡಬೇಕು. ಹಲವು ಜೀನ್‌ಗಳನ್ನು ಒಟ್ಟಿಗೆ ಎಬ್ಬಿಸುವ ಓರ್ಕಾ3 ಎಂಬ ನಿಯಂತ್ರಕ ಜೀನನ್ನು ಈ ಗಿಡದ ಜೀವಕೋಶಗಳಲ್ಲಿ ಹೆಚ್ಚಿಸಿ ನೋಡಿದ್ದುಂಟು. ಟ್ರಿಪ್ಟಮೀನ್ ಕಡೆ ಚುರುಕಾಯಿತು, ಟರ್ಪೀನ್ ಕಡೆಯ ಜಿ10ಎಚ್ ಜೀನ್ ಮಾತ್ರ ಏಳಲಿಲ್ಲ. ಸೆಕೊಲೊಗಾನಿನ್‌ನ ಹಿಂದಿನ ರೂಪವಾದ ಲೋಗಾನಿನ್ ಹೊರಗಿನಿಂದ ಉಣಿಸಿದ ಮೇಲಷ್ಟೇ ಆಲ್ಕಲಾಯ್ಡ್ ಹೆಚ್ಚಿತು. ಇನ್ನೂ ಒಂದು ತೊಡಕಿದೆ: ವಿನ್‌ಬ್ಲಾಸ್ಟಿನ್‌ನ ಅರ್ಧಭಾಗವಾದ ವಿಂಡೊಲಿನ್ ಎಲೆಯ ಒಳಕೋಶಗಳಲ್ಲಿರುತ್ತದೆ, ಉಳಿದರ್ಧ ಕ್ಯಾಥರಾಂತಿನ್ ಹೆಚ್ಚಾಗಿ ಎಲೆಯ ಮೇಲಿನ ಮೇಣದಲ್ಲಿ. ಎರಡೂ ಭೇಟಿಯಾಗುವುದೇ ಅಪರೂಪ.

ಹಾಗಾಗಿ ಜೀನ್ ಸೇರಿಸುವ ಮೊದಲು ಉಣಿಸಿ ನೋಡುವುದು ಒಳ್ಳೆಯದು. ಗಿಡದ ಜೀವಕೋಶ ಬೆಳೆಸಿದ ಒಂದು ಫ್ಲಾಸ್ಕಿಗೆ ಲೋಗಾನಿನ್, ಇನ್ನೊಂದಕ್ಕೆ ಟ್ರಿಪ್ಟಮೀನ್, ಮೂರನೆಯದಕ್ಕೆ ಏನೂ ಇಲ್ಲ. ಯಾವುದರಲ್ಲಿ ಆಲ್ಕಲಾಯ್ಡ್ ಏರಿತೋ ಕೊರತೆ ಆ ಕಡೆಯದು.

ಆಮೇಲೆ ಜೀನ್ ಸೇರಿಸಲು ರೋಮಬೇರು, ಅಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾ ತನ್ನ ಜೀನ್ ದಾಟಿಸಿದಾಗ ಗಿಡದಲ್ಲಿ ಮೂಡುವ ಕೂದಲಿನಂಥ ಬೇರು. ಗಾಯ ಮಾಡಿದ ಎಲೆತುಂಡುಗಳನ್ನು ಆಗ್ರೋಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಆ ಬ್ಯಾಕ್ಟೀರಿಯಾದ ಜೊತೆ 2 ದಿನ ಬಿಟ್ಟು, ಪ್ರತಿ ಲೀಟರಿಗೆ 500 ಮಿ.ಗ್ರಾಂ ಸೆಫೊಟಾಕ್ಸಿಮ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ) ಇರುವ, ಹಾರ್ಮೋನ್ ಇಲ್ಲದ ಮಾಧ್ಯಮಕ್ಕೆ ಸಾಗಿಸಬೇಕು. ಸಾಮಾನ್ಯವಾಗಿ 2-4 ವಾರದಲ್ಲಿ ಬೇರು ಮೂಡುತ್ತದೆ. ಒಂದೊಂದು ಬೇರೂ ಬೇರೆ ಬೇರೆ ತಳಿಸಾಲು, ಕಲಸಬೇಡಿ. ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆಯಲ್ಲಿ ರೋಲ್‌ಬಿ (ಬ್ಯಾಕ್ಟೀರಿಯಾ ಗಿಡಕ್ಕೆ ದಾಟಿಸುವ ರೋಲ್ ಜೀನ್‌ಗಳಲ್ಲೊಂದು) ಸಿಕ್ಕಿತೆಂದು ನಂಬಿ ಕೂರುವಂತಿಲ್ಲ, ಸಾಯದೆ ಉಳಿದ ಬ್ಯಾಕ್ಟೀರಿಯಾದಿಂದಲೂ ಅದು ಬರುತ್ತದೆ. ಗಿಡಕ್ಕೆ ದಾಟದೆ ಬ್ಯಾಕ್ಟೀರಿಯಾದಲ್ಲೇ ಉಳಿಯುವ ವಿರ್‌ಡಿ ಜೀನ್ ಸಿಗದಿದ್ದರೆ ಮಾತ್ರ ಬೇರು ಶುದ್ಧ. ಹೋಲಿಕೆಗೆ ಇಡಬೇಕಾದದ್ದೂ ನಿಮ್ಮ ಜೀನ್ ಇಲ್ಲದ ರೋಮಬೇರೇ, ಮಾಮೂಲಿ ಬೇರಲ್ಲ. ರೋಲ್ ಜೀನ್‌ಗಳೇ ಆಲ್ಕಲಾಯ್ಡ್ ಪ್ರಮಾಣವನ್ನು ಏರುಪೇರು ಮಾಡುತ್ತವೆ. ಅಂದ ಹಾಗೆ, ನಿತ್ಯಪುಷ್ಪದ ರೋಮಬೇರಿನಿಂದ ಅಜ್ಮಲಿಸಿನ್, ಕ್ಯಾಥರಾಂತಿನ್ ನಿರೀಕ್ಷಿಸಬಹುದು. ವಿಂಡೊಲಿನ್‌ನ ಕೊನೆಯ ಹೆಜ್ಜೆಗಳಿಗೆ ಹಸಿರು ಅಂಗಾಂಶವೇ ಬೇಕು.