ಕೈಗೆ ಸ್ಪ್ಲಿಂಟ್: ಯಾವ ಗೆಣ್ಣು ಕಟ್ಟಬೇಕು, ಯಾವುದನ್ನು ಬಿಡಬೇಕು

ಸ್ಪ್ಲಿಂಟ್ ಎಂದರೆ ಪೆಟ್ಟಾದ ಕೀಲು ಅಲುಗದಂತೆ ಆಧಾರ ಕೊಡುವ ಪಟ್ಟಿ. ಅದು ಹಿಡಿದಿಡುವ ಕೀಲಿನಷ್ಟೇ ಬಿಟ್ಟಿರುವ ಕೀಲೂ ಮುಖ್ಯ. ಕಾರಣವಿಲ್ಲದೆ ಕಟ್ಟಿಟ್ಟ ಬೆರಳು ಕೆಲವೇ ವಾರಗಳಲ್ಲಿ ಬಿಗಿಯುತ್ತದೆ. ಆಮೇಲೆ ಮೂಲ ಪೆಟ್ಟಿಗಿಂತ ಆ ಬಿಗಿತವನ್ನು ಬಿಡಿಸುವುದೇ ಕಷ್ಟವಾಗುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ಮಣಿಕಟ್ಟನ್ನು ಹಿಡಿದಿಡುವ ಕಾಕ್‌ಅಪ್ ಸ್ಪ್ಲಿಂಟ್. ಇದು ಮುಂಗೈಯ ಮೂರನೇ ಎರಡರಷ್ಟು ಉದ್ದ, ಅದರ ಸುತ್ತಳತೆಯ ಅರ್ಧದಷ್ಟು ಅಗಲ ಇರಬೇಕು. ಮುಂದಿನ ಅಂಚು ಅಂಗೈಯ ಅಡ್ಡರೇಖೆಗಳಿಗಿಂತ ಕೆಳಗೇ ನಿಲ್ಲಬೇಕು. ಹಾಕಿಕೊಂಡು ಮುಷ್ಟಿ ಕಟ್ಟಿ ನೋಡಿ: ನಾಲ್ಕೂ ಬೆರಳುಗಳ ಬುಡದ ಗೆಣ್ಣು ಪೂರ್ತಿ ಮಡಚದಿದ್ದರೆ ಅಂಚು ಕತ್ತರಿಸಲೇಬೇಕು. ರೇಡಿಯಲ್ ನರಕ್ಕೆ ಪೆಟ್ಟಾಗಿ ಮಣಿಕಟ್ಟು ಜೋತುಬಿದ್ದವರಿಗೆ ಅದನ್ನು 20ರಿಂದ 30 ಡಿಗ್ರಿ ಮೇಲಕ್ಕೆತ್ತಿ ಇಡುತ್ತೇವೆ, ಹಿಡಿತಕ್ಕೆ ಬಲ ಬರುತ್ತದೆ. ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನೆಲ್ ತೊಂದರೆಗೆ ಇದೇ ಕೋನ ತಪ್ಪು. ಮಣಿಕಟ್ಟು ಮೇಲೆ ಬಾಗಿದರೂ ಕೆಳಗೆ ಬಾಗಿದರೂ ನರದ ಮೇಲಿನ ಒತ್ತಡ ಏರುತ್ತದೆ. ಅದು ನೇರವಾಗಿರಬೇಕು, ಮುಖ್ಯವಾಗಿ ರಾತ್ರಿ ನಿದ್ದೆಯಲ್ಲಿ. ಸಿದ್ಧ ಸ್ಪ್ಲಿಂಟ್‌ಗಳೊಳಗಿನ ಲೋಹದ ಪಟ್ಟಿ ಸಾಮಾನ್ಯವಾಗಿ ಬಾಗಿಯೇ ಬರುತ್ತದೆ. ಹೊರತೆಗೆದು ನೇರ ಮಾಡಿ ಮತ್ತೆ ಸೇರಿಸಬೇಕು. ಇದನ್ನು ಮಾಡದೆ, ಸ್ಪ್ಲಿಂಟ್‌ನಿಂದ ಏನೂ ಆಗಲಿಲ್ಲ ಎಂದು ಬಿಟ್ಟುಬಿಡುವವರೇ ಬಹಳ.

ಬೆರಳ ತುದಿ ಬಾಗಿ, ತಾನಾಗಿ ನೆಟ್ಟಗಾಗದಿದ್ದರೆ ಅದು ಮ್ಯಾಲೆಟ್ ಬೆರಳು. ಇಲ್ಲಿ ತುದಿಗೆಣ್ಣನ್ನು ಮಾತ್ರ ನೇರ ಹಿಡಿದು ನಡುಗೆಣ್ಣನ್ನು ಬಿಡಬೇಕು. 6ರಿಂದ 8 ವಾರ, ಹಗಲೂ ರಾತ್ರಿ. ಹರಿದ ಸ್ನಾಯುರಜ್ಜುವಿನ ತುದಿಗಳು ಕೂಡಿಕೊಳ್ಳುವ ಈ ಅವಧಿಯಲ್ಲಿ ತುದಿ ಒಮ್ಮೆ ಬಾಗಿದರೂ ಲೆಕ್ಕ ಮೊದಲಿನಿಂದ ಶುರು. ಚರ್ಮ ಒರೆಸಲು ಸ್ಪ್ಲಿಂಟ್ ತೆಗೆಯುವಾಗ ಬೆರಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿಟ್ಟಿರಬೇಕು. ಗೆಣ್ಣಿನ ಮೇಲಿನ ಚರ್ಮ ಬೆಳ್ಳಗಾದರೆ ಅತಿಯಾಗಿ ಹಿಂದಕ್ಕೆ ಬಾಗಿಸಿದ್ದೀರಿ ಎಂದರ್ಥ.

ಅಲ್ನರ್ ನರದ ತೊಂದರೆಯಲ್ಲಿ ಉಂಗುರ ಬೆರಳು, ಕಿರುಬೆರಳು ಹಕ್ಕಿಯ ಪಂಜದಂತೆ ಮಡಚಿಕೊಳ್ಳುತ್ತವೆ. ಮಡಚಿದ ಗೆಣ್ಣನ್ನೇ ಎಳೆಯಹೋಗಬೇಡಿ. ಬುಡದ ಗೆಣ್ಣು ಹಿಂದಕ್ಕೆ ಬಾಗದಂತೆ ತಡೆದರೆ ನಡುಗೆಣ್ಣು ತಾನೇ ಬಿಚ್ಚಿಕೊಳ್ಳುತ್ತದೆ. ನಡುಗೆಣ್ಣು ಈಗಾಗಲೇ ಬಿಗಿದಿದ್ದರೆ ಮಾತ್ರ ಇದು ಫಲಿಸುವುದಿಲ್ಲ. ಮೊದಲು ಬಿಗಿತ ಬಿಡಿಸಬೇಕು. ಹೆಬ್ಬೆರಳ ಬುಡದ ಡಿ ಕ್ವೆರ್ವೇನ್ ನೋವಿಗೆ (ಅಲ್ಲಿನ ಸ್ನಾಯುರಜ್ಜುಗಳ ತೊಂದರೆ) ಮಣಿಕಟ್ಟು, ಹೆಬ್ಬೆರಳ ಬುಡ ಹಿಡಿದಿಡುವ ಥಂಬ್ ಸ್ಪೈಕಾ ಸ್ಪ್ಲಿಂಟ್ ಸಾಕು, ಹೆಬ್ಬೆರಳ ತುದಿಗೆಣ್ಣು ಬಿಟ್ಟಿರಲಿ.

ಕೈಯ ಹಿಂಭಾಗ ಸುಟ್ಟವರಿಗೆ ರೆಸ್ಟಿಂಗ್ ಸ್ಪ್ಲಿಂಟ್: ಮಣಿಕಟ್ಟು ತುಸು ಮೇಲೆ, ಬುಡದ ಗೆಣ್ಣು 70ರಿಂದ 90 ಡಿಗ್ರಿ ಮಡಚಿ, ಬೆರಳು ನೇರ. ಮಡಚಿದ ಸ್ಥಿತಿಯಲ್ಲಿ ಬುಡದ ಗೆಣ್ಣಿನ ಪಕ್ಕದಲ್ಲಿ ಮೂಳೆಗಳನ್ನು ಜೋಡಿಸುವ ಕಟ್ಟುಗಳು (ಲಿಗಮೆಂಟ್) ಹಿಗ್ಗಿರುವುದರಿಂದ ಗಿಡ್ಡವಾಗುವುದಿಲ್ಲ. ಬಿಗಿದ ಬೆರಳನ್ನು ರಬ್ಬರ್ ಎಳೆತದಿಂದ ಬಿಡಿಸುವ ಡೈನಾಮಿಕ್ ಸ್ಪ್ಲಿಂಟ್‌ನಲ್ಲಿ ಎಳೆಯುವ ದಾರ ಬೆರಳ ಮೂಳೆಗೆ 90 ಡಿಗ್ರಿಯಲ್ಲಿರಬೇಕು. ಬೆರಳು ಸುಧಾರಿಸಿದಂತೆ ಆ ಕೋನ ತಪ್ಪುತ್ತದೆ, ಆಗಾಗ ಸರಿಪಡಿಸಬೇಕು.

ಅಳತೆಗೆ ಮಾಡುವ ಥರ್ಮೋಪ್ಲಾಸ್ಟಿಕ್ ಹಾಳೆ ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮೆತ್ತಗಾಗುತ್ತದೆ. ಮಣಿಕಟ್ಟಿಗೆ 3.2 ಮಿ.ಮೀ. ದಪ್ಪದ್ದು, ಬೆರಳಿಗೆ 1.6. ಕಿರುಬೆರಳ ಕಡೆಯ ಮಣಿಕಟ್ಟಿನ ಮೂಳೆಯುಬ್ಬಿಗೆ ಮೊದಲು ಪ್ಯಾಡ್ ಅಂಟಿಸಿ, ಅದರ ಮೇಲೆ ಹಾಳೆ ಒತ್ತಬೇಕು. ತಣಿದು ಗಟ್ಟಿಯಾದ ಸ್ಪ್ಲಿಂಟ್‌ಗೆ ನಂತರ ಪ್ಯಾಡ್ ತುರುಕಿದರೆ ಒತ್ತಡ ಹೆಚ್ಚುತ್ತದೆ. ತೆಗೆದು 20 ನಿಮಿಷವಾದರೂ ಕೆಂಪು ಗುರುತು ಮಾಯದಿದ್ದರೆ ಅಲ್ಲಿ ಹಿಗ್ಗಿಸಬೇಕು. ಬೆರಳು ನೀಲಿಯಾದರೆ, ಜೋಮು ಹಿಡಿದರೆ ಪಟ್ಟಿ ಸಡಿಲಿಸಿ ಅಂದೇ ಥೆರಪಿಸ್ಟ್‌ಗೆ ತೋರಿಸಿ. ತೊಳೆಯಲು ತಣ್ಣೀರು, ಸೋಪು ಸಾಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಆಕಾರವೇ ಕೆಡುತ್ತದೆ.